ಮೂರು ಗೇಣು ಜಾಗ

ಮೊನ್ನೆ ನಮ್ಮ ಬಚ್ಚಲಮನೆಯ ಮಶೀನು ಬಟ್ಟೆ ಒಗೆದು ಮುಗಿಸಿ, ತನ್ನ ರೂಢಿಯಂತೆ ಒಂದು ಸಣ್ಣ ಹಾಡು ಹಾಡಿತು. ಮಾತಿಲ್ಲದ ಹಾಡು, ಟಿಣಿ ಟಿಣಿ ಎಂದು ಏರಿ, ಟಿಣಿ ಟಿಣಿ ಎಂದು ಇಳಿಯುತ್ತದೆ. ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದ ನಾನು ಬೆಚ್ಚಿಬಿದ್ದೆ. ಕೈಯೊಳಗಿನ ರೊಟ್ಟಿ ಎರಡಾಗಿ ಹರಿಯಿತು. ಅದು ಮನೆಗೆ ಬಂದು ನಾಲ್ಕು ತಿಂಗಳಾಯಿತು, ದಿನವೂ ಹಾಡುತ್ತದೆ, ನಾನು ದಿನವೂ ಬೆಚ್ಚುತ್ತೇನೆ.

ಪಡಸಾಲೆಯಿಂದ ನಮ್ಮವರು ಕೂಗಿದರು. "ನೋಡು, ಕೆಲಸ ಮುಗಿಸಿ ಹೆಂಗ ಹಾಡತೈತಿ! ನೀ ಇಷ್ಟ್ ವರ್ಷ ಒಗದಿ, ಒಂದ್ ದಿನಾರ ಹಾಡಿದ್ಯೇನು?"

"ಹಾಡಾಕ ಉಸುರು ಎಲ್ಲಿ ಉಳೀತಿತ್ರಿ? ನಿಮ್ಮ ಧೋತರ ಹಿಂಡೂದ್ರಾಗ ಅರ್ಧ ಹೋಗ್ತಿತ್ತು" ಅಂದೆ.

ನಾನು ಹೆಚ್ಚು ಓದಿದವಳಲ್ಲ. ಮೂರನೆಯ ಇಯತ್ತೆಯಲ್ಲಿ ಶಾಲೆ ಬಿಟ್ಟೆ. ಆದರೆ ಮಾತು ಬಹಳ ಆಡುತ್ತೇನೆ ಎಂದು ಓಣಿಯಲ್ಲೆಲ್ಲ ಹೆಸರಾಗಿದೆ. ಅದಕ್ಕೊಂದು ಕಾರಣವಿದೆ, ಮುಂದೆ ಹೇಳುತ್ತೇನೆ. ಈಗ ಮಶೀನಿನ ಸಂಗತಿ ಹೇಳದಿದ್ದರೆ ನನ್ನ ಹೊಟ್ಟೆ ಒಡೆದುಹೋಗುತ್ತದೆ.

ಗುಡಗೇರಿಯಲ್ಲಿ ನಮ್ಮದೊಂದು ಸಣ್ಣ ಮನೆ. ಎಷ್ಟು ಸಣ್ಣದೆಂದರೆ, ಕಟ್ಟೆಯ ಮೇಲೆ ಕುಳಿತು ನಮ್ಮವರು ಸೀನಿದರೆ ಹಿತ್ತಲಲ್ಲಿದ್ದ ನಾನು ಬೆಚ್ಚುತ್ತೇನೆ. ಮುಂದೆ ಕಟ್ಟೆ, ಒಳಗೆ ಪಡಸಾಲೆ, ಅದರ ಬಾಜುವಿಗೆ ಎಮ್ಮೆ ಕಟ್ಟುವ ಜಾಗ, ಆಮೇಲೆ ಅಡಿಗೆಮನೆ, ಕೊನೆಗೆ ಬಚ್ಚಲು. ಇಷ್ಟರಲ್ಲಿ ನಾನು, ನಮ್ಮವರು, ಕಾಳಿನ ಪೇಟೆಯಲ್ಲಿ ತೂಕದ ಕೆಲಸ ಮಾಡುವ ಮಗ ಬಸು, ಸೊಸೆ ರೇಣುಕಾ.

ರೇಣುಕಾ ಸರ್ಕಾರಿ ಬಸ್ಸಿನ ಕಂಡಕ್ಟರು. ಖಾಕಿ ಅಂಗಿ ಹಾಕಿಕೊಂಡು, ಹೆಗಲಿಗೆ ಚೀಲ ಏರಿಸಿ, "ಮುಂದ ಸರೀರಿ, ಒಳಗ ಜಾಗ ಐತಿ!" ಎಂದು ಒಮ್ಮೆ ಕೂಗಿದಳೆಂದರೆ, ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ಇನ್ನೂ ಹತ್ತು ಮಂದಿ ಹಿಡಿಯುತ್ತಾರೆ. ಅವಳು ಸೊಸೆಯಾಗಿ ಬಂದಾಗ ನಾನು ಆ ಖಾಕಿ ಅಂಗಿಯನ್ನು ಹಗ್ಗದ ಮೇಲೆ ಒಣಹಾಕಲು ನಾಚಿಕೊಂಡು, ಮೇಲೊಂದು ಸೀರೆ ಹರವುತ್ತಿದ್ದೆ. ಈಗ ಹೇಳಿಕೊಂಡರೆ ನನಗೇ ನಗು ಬರುತ್ತದೆ.

ಮದುವೆಯಾಗಿ ಒಂಬತ್ತು ವರ್ಷಕ್ಕೆ ಅವಳ ಹೊಟ್ಟೆಯಲ್ಲಿ ನಮ್ಮ ನೀಲಾ ಹುಟ್ಟಿದಳು. ಒಂಬತ್ತು ವರ್ಷ! ಆಸ್ಪತ್ರೆಯಲ್ಲಿ ನರ್ಸಮ್ಮ ಕೂಸನ್ನು ತಂದು ಕೈಗೆ ಕೊಟ್ಟಾಗ, ನಾನು ಮಾಡಿದ ಮೊದಲ ಕೆಲಸವೆಂದರೆ ಅದನ್ನು ತೊಡೆಯ ಮೇಲೆ ಹಾಕಿಕೊಂಡು ತಲೆಯಿಂದ ಹಿಮ್ಮಡಿಯವರೆಗೆ ಗೇಣು ಹಾಕಿದ್ದು. ಮೂರು ಗೇಣಿಗೆ ಎರಡು ಬೆರಳು ಕಮ್ಮಿ. ನರ್ಸಮ್ಮ ಗಾಬರಿಯಾಗಿ, "ಅಜ್ಜೀ, ಅದೇನು ಅಂಗಡ್ಯಾನ ಅರಿವೀನರೀ ಅಳತಿ ಹಾಕಾಕ?" ಎಂದು ಬೈದಳು. ಬೈದದ್ದು ಕಿವಿಗೆ ಬಿತ್ತು, ಎದೆಗೆ ಬೀಳಲಿಲ್ಲ. ಎದೆಯೊಳಗೆ ಜಾಗವೇ ಇರಲಿಲ್ಲ, ಪೂರಾ ಕೂಸೇ ತುಂಬಿಕೊಂಡಿತ್ತು.

ಕೂಸಿಗೆ ಎರೆಯುವುದು ನನ್ನ ಕೆಲಸ. ಓಣಿಯ ಎಷ್ಟೋ ಕೂಸುಗಳಿಗೆ ನಾನೇ ಎರೆದಿದ್ದೇನೆ. ಬಚ್ಚಲಲ್ಲಿ ಎರಡೂ ಕಾಲು ಚಾಚಿ ಕುಳಿತು, ಕಾಲ ಮೇಲೆ ಕೂಸನ್ನು ಮಲಗಿಸಿ, ಎಣ್ಣೆ ಹಚ್ಚಿ ತಿಕ್ಕಿ, ಹಂಡೆಯ ಬಿಸಿನೀರು ಸುರಿದರೆ ಮುಗಿಯಿತು, ಕೂಸು ಮಧ್ಯಾಹ್ನದವರೆಗೆ ಮಿಸುಕುವುದಿಲ್ಲ. ಹಂಡೆ ನನ್ನ ತವರಿನದು. ತಿರ್ಲಾಪುರದಿಂದ ನಾನು ಮದುವೆಯಾಗಿ ಬಂದ ಎತ್ತಿನ ಚಕ್ಕಡಿಯಲ್ಲಿಯೇ ಬಂದ ತಾಮ್ರದ ಹಂಡೆ. ದಾರಿಯುದ್ದಕ್ಕೂ ಅದು ಹೊರಳದಂತೆ ತಬ್ಬಿಕೊಂಡು ಕುಳಿತಿದ್ದೆ. ಜನ ಸೊಸೆಯನ್ನು ನೋಡಲು ಬಂದರೆ ಮೊದಲು ಕಂಡದ್ದು ಹಂಡೆಯ ಹೊಟ್ಟೆ. ಅತ್ತೆ ಅದನ್ನು ಮಣ್ಣಿನ ಒಲೆಯ ಮೇಲೆ ಕೂರಿಸಿ ಸುತ್ತಲೂ ಕಟ್ಟಿಸಿದ್ದರು. ಅರ್ಧ ಬಚ್ಚಲು ಅದೇ.

ಈ ಬೇಸಿಗೆಯಲ್ಲಿ ನಾನು ಅದೇ ಬಚ್ಚಲಲ್ಲಿ ಜಾರಿ ಬಿದ್ದು ಬಲ ಮಣಿಕಟ್ಟು ಮುರಿದುಕೊಂಡೆ. ಎಲುಬು ಕೂಡಿತು. ಚೊಂಬು ಎತ್ತಬಹುದು, ರೊಟ್ಟಿ ಬಡಿಯಬಹುದು, ಬಟ್ಟೆ ಹಿಂಡಲು ಮಾತ್ರ ಆಗದು. ಕೂಸಿನ ಬಟ್ಟೆಯೋ ದಿನಕ್ಕೆ ಒಂದು ಬುಟ್ಟಿ. ರೇಣುಕಾಳ ರಜೆ ಮುಗಿಯಲು ಹತ್ತು ದಿನವಿತ್ತು. ಅವಳು ಒಂದು ಬೆಳಿಗ್ಗೆ ಚಹಾ ಕುಡಿಯುತ್ತಾ ಮೆಲ್ಲಗೆ ಅಂದಳು.

"ಅತ್ತೀ, ನನ್ನ ಸಂಗಾತಿ ಒಬ್ಬಾಕಿ ಹುಬ್ಬಳ್ಳ್ಯಾಗ ಡಿಪೋ ಬಾಜೂಕ ಮನಿ ಮಾಡ್ಯಾಳ್ರಿ. ಮ್ಯಾಲಿನ ಖೋಲಿ ಖಾಲಿ ಐತಂತ. ಅಲ್ಲೆ ಮಶೀನು ಐತಿ, ಕೂಸು ನೋಡ್ಕೊಳ್ಳಾಕ ಆಕಿ ತಾಯಿನೂ ಅದಾರ."

ನಾನು ಚಹಾದ ಬಶಿ ಕೆಳಗಿಟ್ಟೆ. "ನಮ್ಮ ಮನ್ಯಾಗ ಮಶೀನು ಇದ್ರ?" ಅಂದೆ.

"ಇದ್ರ ಯಾಕ ಹೋಗ್ಲಿರಿ? ಆದರ ಇಡೂದೆಲ್ಲೆ?"

"ಜಾಗಾ ನಾ ಹುಡುಕ್ತೀನಿ. ನೀ ಮಶೀನು ತರಿಸು."

ಆ ಮಾತು ಬಾಯಿಂದ ಹೊರಟದ್ದೇ ತಡ, ನಮ್ಮವರೂ ಬಸುವೂ ಅಂಗಡಿಗೆ ಹೋದರು. ನಮ್ಮವರು ಮಶೀನಿಗೆ ಗೇಣು ಹಾಕಿ ನೋಡಿದರಂತೆ. ಸರಿಯಾಗಿ ಮೂರು ಗೇಣು. ಮನೆಯಲ್ಲಿ ನಾನು ಬಚ್ಚಲಲ್ಲಿ ಹಂಡೆಯ ಒಲೆಗೂ ಗೋಡೆಗೂ ನಡುವೆ ಗೇಣು ಹಾಕಿದ್ದೆ. ಮೂರು ಗೇಣಿನ ಮೇಲೆ ಎರಡು ಬೆರಳು. ಫೋನಿನಲ್ಲಿ ಲೆಕ್ಕ ಕೂಡಿತು. ಮಶೀನು ಟೆಂಪೋ ಏರಿ ಬಂದಿತು. ನಾಲ್ಕು ಮಂದಿ ಹೊತ್ತು ಬಚ್ಚಲಿಗೆ ತಂದರು. ಹಿಡಿಯಲಿಲ್ಲ.

ಮತ್ತೆ ಗೇಣು ಹಾಕಿದೆವು. ಅವರು ಹಾಕಿದರೆ ಜಾಗ ಎರಡೂವರೆ ಗೇಣು ಸಹ ಬರಲೊಲ್ಲದು. ನಾನು ಹಾಕಿದರೆ ಮಶೀನು ಮೂರು ಗೇಣು ದಾಟಿ ಹೋಗುತ್ತದೆ. ಆಗ ಬಸು ನಮ್ಮಿಬ್ಬರ ಕೈಗಳನ್ನು ಹಿಡಿದು ಒಂದರ ಮೇಲೊಂದು ಇಟ್ಟ. ಅವರ ಅಂಗೈಯೊಳಗೆ ನನ್ನ ಅಂಗೈ ಪೂರಾ ಮುಳುಗಿತು. ಇಷ್ಟು ವರ್ಷ ಸಂಸಾರ ಮಾಡಿದರೂ ನಮ್ಮಿಬ್ಬರ ಕೈಗಳನ್ನು ಹೀಗೆ ಇಟ್ಟು ನೋಡಿರಲಿಲ್ಲ. ನಾನು ನಾಚಿಕೊಂಡು ಕೈ ಎಳೆದುಕೊಂಡೆ.

"ನಿನ್ನ ಗೇಣು ಗುಬ್ಬಿ ಗೇಣು" ಎಂದರು ನಮ್ಮವರು.

"ನಿಮ್ಮದು ರಣಹದ್ದಿಂದು" ಎಂದೆ.

ಮಶೀನು ಮೂರು ದಿನ ಕಟ್ಟೆಯ ಮೇಲೆ ಕುಳಿತಿತು. ಧೂಳು ಬೀಳಬಾರದೆಂದು ಹಳೆಯ ಜಮಖಾನೆ ಹೊದಿಸಿದ್ದೆವು. ಅದರ ಗಮ್ಮತ್ತು ನೋಡಬೇಕಿತ್ತು. ಓಣಿಯ ಹಿರಿಯರೊಬ್ಬರಿಗೆ ಕಣ್ಣು ಮಂಜು. ಅವರು ಎರಡು ಸಂಜೆ ಅದರ ಮುಂದೆ ನಿಂತು, "ಶರಣ್ರೀ, ಎಲ್ಲ ಆರಾಮ?" ಎಂದು ಕೇಳಿ, ಮೂರನೆಯ ಸಂಜೆ ನಮ್ಮವರ ಹತ್ತಿರ ಬಂದು, "ನಿಮ್ಮ ಬೀಗರಿಗೆ ಭಾಳ ಸೊಕ್ಕು ಬಿಡ್ರಿ, ಬಾಯಿ ಬಿಡೂದಿಲ್ಲ" ಎಂದು ದೂರಿದರು. ಎದುರುಮನೆಯ ಹುಸೇನಬಿ ನನ್ನ ಜೋಡಿಯವಳು. ಕೂಸಿಗೆ ನಾನು ಎರೆದರೆ ಲೋಬಾನದ ಹೊಗೆ ಹಾಕುವವಳು ಅವಳು. ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತು ಕೇಳಿದಳು.

"ಶಂಕ್ರವ್ವಾ, ಒಳಗ ಕರ್ಕೊಳ್ಳಾಕ ಮುಹೂರ್ತ ನೋಡಾಕತ್ತೀಯೇನಬೇ?"

"ಜಾಗಾ ಇಲ್ಲಬೇ."

"ಎಮ್ಮೀ ಬಾಜೂಕ ಇಡು."

ಅದಕ್ಕೆ ನಮ್ಮವರು ಒಪ್ಪಲಿಲ್ಲ. "ಎಮ್ಮಿ ಬೆದರಿ ಹಾಲು ಏರಿಸಿಕೊಂಡ್ರ ಮಶೀನು ಹಾಲು ಕೊಡ್ತೈತೇನು?" ಎಂದರು. ಅಡಿಗೆಮನೆಯಲ್ಲಿ ದೇವರ ಜಗಲಿ ಇದೆ. ಲಿಂಗಪ್ಪನ ಮುಂದೆ ಕೂಸಿನ ಹೊಲಸು ಬಟ್ಟೆ ತಿರುಗುವುದು ನನ್ನ ಮನಸ್ಸಿಗೆ ಬರಲಿಲ್ಲ. ಉಳಿದದ್ದು ಪಡಸಾಲೆ. ಅಲ್ಲಿ ತೊಲೆಗೆ ತೊಟ್ಟಿಲು ತೂಗುಹಾಕಿದೆ, ಒಂದು ಕಡೆ ನಮ್ಮವರ ಹೊರಸು, ಒಂದು ಕಡೆ ಜೋಳದ ಚೀಲ. ಗೋಡೆಗೆ ಹತ್ತಿ ಮಾತ್ರ ಒಂದು ದೊಡ್ಡ ಹಾಸುಗಲ್ಲು, ನುಣ್ಣಗೆ, ಸಪಾಟು, ಅದರ ಮೇಲೆ ಏನೂ ಇರಲಿಲ್ಲ.

"ಇಲ್ಲೇ ಇಡೂಣು!" ಎಂದೆ. ಯಾಕೆ ಅದರ ಮೇಲೆ ಏನೂ ಇಲ್ಲ ಎಂದು ನನಗೆ ಹೊಳೆಯಲಿಲ್ಲ. ಆ ಕಲ್ಲು ಹಗೇವಿನ ಬಾಯಿ.

ಹಗೇವು ಎಂದರೆ ಈಗಿನ ಮಕ್ಕಳಿಗೆ ಗೊತ್ತಿಲ್ಲ. ನೆಲದೊಳಗೆ ಎರಡಾಳು ಆಳದ ಗುಡಾಣದಂತಹ ಕುಣಿ; ವರ್ಷದ ಜೋಳ ಅದರೊಳಗೆ ಹಾಕಿ ಮೇಲೆ ಕಲ್ಲು ಮುಚ್ಚುತ್ತಿದ್ದರು. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಮನೆಯಲ್ಲೆಲ್ಲ ನಾನೇ ತೆಳ್ಳಗಿನವಳು. ಕಲ್ಲು ಸರಿಸಿ, ಒಂದು ಹೊತ್ತು ಗಾಳಿಯಾಡಲು ಬಿಟ್ಟು, ಕಂದೀಲು ಇಳಿಬಿಟ್ಟು ಅದು ಆರುವುದಿಲ್ಲ ಎಂದು ನೋಡಿದ ಮೇಲೆ, ಸೊಂಟಕ್ಕೆ ಹಗ್ಗ ಕಟ್ಟಿ ನನ್ನನ್ನು ಇಳಿಸುತ್ತಿದ್ದರು. ಒಳಗೆ ಬಾಣಂತಿ ಕೋಣೆಯ ಹಾಗೆ ಕಾವು, ಹುಳಿ ವಾಸನೆ. ಮೇಲಿಂದ ಅತ್ತೆ ಕೂಗುತ್ತಿದ್ದರು: "ಮಾತಾಡಬೇ ಶಂಕ್ರೀ, ಮಾತಾಡ್ತಾ ಇರು! ಬಾಯಿ ಮುಚ್ಚೀದಿ ಅಂದ್ರ ಹಗ್ಗ ಎಳೀತೀನಿ." ಉಸಿರು ಕಟ್ಟಿದರೆ ಮೇಲಿನವರಿಗೆ ತಿಳಿಯಬೇಕಲ್ಲ! ನಾನು ಬುಟ್ಟಿ ತುಂಬುತ್ತಾ ತವರಿನ ಸುದ್ದಿ, ಎಮ್ಮೆಯ ಸುದ್ದಿ, ನೆರೆಮನೆಯ ಸುದ್ದಿ, ಸಿಕ್ಕದ್ದೆಲ್ಲ ಮಾತಾಡುತ್ತಿದ್ದೆ. ಅವತ್ತು ಹತ್ತಿದ ರೂಢಿ. ಹಗೇವು ಖಾಲಿಯಾಗಿ ಎಷ್ಟೋ ಕಾಲವಾಯಿತು, ನನ್ನ ಬಾಯಿ ಮಾತ್ರ ನಿಂತಿಲ್ಲ.

ಅಂತಹ ಟೊಳ್ಳಿನ ಮೇಲೆ ಮಶೀನು ಕೂರಿಸಿದೆವು. ಹಿತ್ತಲಿನ ನಳದಿಂದ ಉದ್ದನೆಯ ಪೈಪು ಎಳೆದು ತಂದರು. ರೇಣುಕಾ ಗುಂಡಿಗಳನ್ನು ತೋರಿಸಿಕೊಟ್ಟಳು. "ಅತ್ತೀ, ಕೂಸಿನ ಬಟ್ಟಿ ಅಷ್ಟ ಹಾಕ್ರಿ. ಬ್ಯಾರೆ ಏನೂ ಬ್ಯಾಡ" ಎಂದು ಎರಡು ಸಲ ಹೇಳಿ ಹಿತ್ತಲಿಗೆ ಹೋದಳು.

ನಾನು ಕೂಸಿನ ಬಟ್ಟೆ ಹಾಕಿದೆ. ಒಳಗೆ ಇನ್ನೂ ಜಾಗ ಕಂಡಿತು. ಇಷ್ಟು ಜಾಗ ಹಾಳು ಮಾಡುವುದೇ ಎಂದು ನನ್ನ ಕೌದಿಯನ್ನೂ ತುರುಕಿದೆ. ಹಳೆಯ ಸೀರೆಗಳನ್ನೆಲ್ಲ ಒಂದರ ಮೇಲೊಂದು ಹಾಸಿ ಹೊಲಿದ ಕೌದಿ ನೀರು ಕುಡಿಯಿತೆಂದರೆ ಎಮ್ಮೆಕರುವಿನಷ್ಟು ಭಾರ. ಹಳ್ಳದಲ್ಲಿ ಒಗೆಯುವಾಗ ಇಬ್ಬರು ಎರಡೂ ತುದಿ ಹಿಡಿದು ತಿರುವಿ ಹಿಂಡುತ್ತಿದ್ದೆವು. ಇಬ್ಬರು ಹೆಂಗಸರ ಕೆಲಸ ಒಂದು ಮಶೀನು ಹೇಗೆ ಮಾಡುತ್ತದೆ ನೋಡೋಣ ಎಂಬ ಆಸೆಯೂ ಇತ್ತು.

ಮೊದಲು ಗುರುಗುರು ಅಂದಿತು. ನೀರು ಕುಡಿಯಿತು, ನೊರೆ ಉಗುಳಿತು. ನಾನು ಗಾಜಿನ ಬಾಗಿಲ ಮುಂದೆ ಕುಳಿತು ಬೆರಗಾಗಿ ನೋಡಿದೆ. ನಮ್ಮವರು ಹೊರಸಿನ ಮೇಲೆ ತೂಕಡಿಸುತ್ತಿದ್ದರು. ಕೂಸು ತೊಟ್ಟಿಲಲ್ಲಿತ್ತು. ಆಮೇಲೆ ಮಶೀನು ಹಿಂಡಲು ತೊಡಗಿತು.

ಏನು ಹೇಳಲಿ! ಮೊದಲು ಢಮ್ ಅಂದಿತು. ಆಮೇಲೆ ಢಮ್ ಢಮ್ ಅಂದಿತು. ಹಗೇವಿನ ಹೊಟ್ಟೆಯೊಳಗಿಂದ ನೂರು ಡೊಳ್ಳು ಒಮ್ಮೆಲೇ ಬಾರಿಸಿದಂತಾಯಿತು. ದೇವರ ಜಗಲಿಯ ಗಂಟೆ ತಾನಾಗಿಯೇ ಬಡಿದುಕೊಂಡಿತು. ಎಮ್ಮೆ ಕಣ್ಣಿ ಹರಿದುಕೊಂಡಿತು. ನಮ್ಮವರು ಹೊರಸಿನಿಂದ ಹಾರಿ ಬಾಗಿಲಿಗೆ ಹೋಗಿ, ಯಾಕೆ ಹೋದೆನೆಂದು ತಿಳಿಯದೆ ತಿರುಗಿ ಬಂದರು. ಹುಸೇನಬಿ ಓಣಿಯಲ್ಲಿ, "ಭೂಮಿ ನಡುಗಾಕತ್ತೇತಿ, ಹೊರಗ ಬರ್ರೆಲ್ಲಾ!" ಎಂದು ಒದರಿದಳು. ಅಷ್ಟರಲ್ಲಿ ಮಶೀನು ನಡೆಯತೊಡಗಿತು. ಸುಳ್ಳಲ್ಲ, ನನ್ನ ಕಣ್ಣಾರೆ ನೋಡಿದೆ. ಕುಂಟುವ ಎತ್ತಿನಂತೆ ಒಂದು ಮೂಲೆ ಎತ್ತಿ, ಇನ್ನೊಂದು ಮೂಲೆ ಇಟ್ಟು, ಹಾಸುಗಲ್ಲಿನಿಂದ ಇಳಿದು ತೊಟ್ಟಿಲ ಕಡೆಗೆ ನಡೆಯಿತು.

ಜೀವನವಿಡೀ ಮಾತಾಡಿದವಳು ನಾನು. ಅವತ್ತು ಬಾಯಿಂದ ಒಂದು ಅಕ್ಷರ ಹೊರಡಲಿಲ್ಲ.

ವೈರಿನ ಉದ್ದ ಮುಗಿಯಿತು. ಗೋಡೆಯಿಂದ ಕಿತ್ತುಬಂದಿತು. ಮಶೀನು ನಿಂತಿತು. ನಾನು ಅಂಬೆಗಾಲಿಟ್ಟು ಹೋಗಿ ಮಶೀನಿಗೂ ತೊಟ್ಟಿಲಿಗೂ ನಡುವೆ ಕೈಯಿಟ್ಟು ನೋಡಿದೆ. ಒಂದು ಗೇಣು. ನನ್ನ ಗೇಣು, ಅವರದಲ್ಲ.

ರೇಣುಕಾ ಹಿತ್ತಲಿಂದ ಓಡಿಬಂದು ಕೂಸನ್ನು ಎತ್ತಿಕೊಂಡಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಶೀನಿನ ಬಾಗಿಲು ತೆಗೆದು, ಕೌದಿಯ ತುದಿ ಹೊರಗೆಳೆದು ನೋಡಿ, ಮತ್ತೆ ಒಳಗೆ ತಳ್ಳಿದಳು. ಆಮೇಲೆ ಅಂದಳು: "ಸಿಟ್ಟಿಲ್ಲರಿ ಅತ್ತೀ. ಸೋಮವಾರಕ್ಕ ಡ್ಯೂಟಿ ಐತಿ. ನಾಳೆ ಆ ಖೋಲಿ ನೋಡ್ಕೊಂಡ್ ಬರ್ತೀವಿ."

ಮರುದಿನ ಬೆಳಿಗ್ಗೆ ಬಸು, ರೇಣುಕಾ, ಕೂಸು ಮೂವರೂ ಹುಬ್ಬಳ್ಳಿಗೆ ಹೋದರು. ನಾನು ರೂಢಿಯಂತೆ ಬಚ್ಚಲಿಗೆ ಹೋಗಿ ಹಂಡೆಯ ಕೆಳಗೆ ಉರಿ ಹಾಕಲು ಕುಳಿತೆ. ಬೆಂಕಿಪೆಟ್ಟಿಗೆ ತೆಗೆದ ಮೇಲೆ ನೆನಪಾಯಿತು, ಎರೆಯಲು ಕೂಸಿಲ್ಲ. ಕಡ್ಡಿ ಕೊರೆಯಲಿಲ್ಲ. ಹಂಡೆಯ ಮುಂದೆ ಕುಳಿತೇ ಇದ್ದೆ.

ಈಗ ನಿಮಗೊಂದು ಮಾತು ಹೇಳುತ್ತೇನೆ, ನಮ್ಮವರಿಗೆ ಹೇಳಬೇಡಿ. ಬಚ್ಚಲಲ್ಲಿ ಜಾಗವಿದೆ ಎಂದು ನನಗೆ ಮೊದಲ ದಿನವೇ ಗೊತ್ತಿತ್ತು. ಹಂಡೆ ತೆಗೆದರೆ ಎರಡು ಮಶೀನು ಹಿಡಿಯುತ್ತವೆ. ಗೇಣು ಹಾಕುವಾಗ ಒಲೆಯ ತನಕ ಬಂದು ಕೈ ನಿಲ್ಲಿಸಿದೆನೇ ಹೊರತು ಅದರಾಚೆ ಹಾಕಲಿಲ್ಲ. ದೇವರ ಜಗಲಿಯವರೆಗೆ ಹುಡುಕಿದೆ, ಎಮ್ಮೆಯ ಬಾಜುವಿಗೆ ಹುಡುಕಿದೆ, ಹಂಡೆಯ ಕಡೆಗೆ ತಿರುಗಿ ಸಹ ನೋಡಲಿಲ್ಲ. ಹಂಡೆ ಹೋದರೆ ಓಣಿಯಲ್ಲಿ ಕೂಸಿಗೆ ಎರೆಯುವ ಶಂಕ್ರವ್ವ ಹೋದಂತೆ ಎಂದುಕೊಂಡಿದ್ದೆ. ಹಂಡೆ ಉಳಿಯಿತು. ಎರೆಯುವ ಕೂಸೇ ಹುಬ್ಬಳ್ಳಿಯ ಬಸ್ಸು ಹತ್ತಿ ಹೋಯಿತು.

ಎದ್ದು ಹೋಗಿ ಹಾರೆ ತಂದೆ. ಎಡಗೈಯಿಂದಲೇ ಒಲೆಗೆ ಒಂದು ಏಟು ಹಾಕಿದೆ. ಸದ್ದಿಗೆ ನಮ್ಮವರು ಓಡಿಬಂದರು.

"ಏಯ್! ತಲಿ ಕೆಟ್ಟೇತೇನು ನಿಂದು? ನಮ್ಮವ್ವ ಕಟ್ಟಿಸಿದ್ದದು!"

"ಹಂಡೆ ನಮ್ಮವ್ವ ಕೊಟ್ಟದ್ದು. ಸರೀರಿ."

ಅವರು ನನ್ನ ಮುಖ ನೋಡಿದರು. ಹಂಡೆ ನೋಡಿದರು. ಹಾರೆ ಕಸಿದುಕೊಂಡು ತಾವೇ ಹಾಕತೊಡಗಿದರು. ಒಲೆ ಒಡೆದು ಹಂಡೆ ಎಳೆದಾಗ ಬಚ್ಚಲಲ್ಲಿ ಒಂದು ಕರಿಯ ಗುಂಡನೆಯ ಗುರುತು ಉಳಿಯಿತು. ಅಳಲು ಹೊತ್ತಿರಲಿಲ್ಲ. ಒಲೆಯ ಮಣ್ಣು ತೆಗೆದು, ಬಚ್ಚಲ ಹಾಸುಗಲ್ಲು ಸರಿಮಾಡಿ, ಈ ಸಲ ಗೇಣು ಬಿಟ್ಟು ದಾರ ಹಿಡಿದು ಅಳೆದೆವು. ಹುಸೇನಬಿ ತನ್ನ ಮಕ್ಕಳನ್ನು ಕರೆತಂದಳು. ಮಶೀನು ಬಚ್ಚಲು ಸೇರಿತು. ಹಂಡೆಯನ್ನು ಹಿತ್ತಲ ಬೇವಿನ ಬುಡದಲ್ಲಿ ಮೂರು ಕಲ್ಲಿನ ಮೇಲೆ ಕೂರಿಸಿದರು. ಇಷ್ಟು ವರ್ಷ ಕತ್ತಲಲ್ಲಿದ್ದ ತಾಮ್ರ ಬಿಸಿಲಿಗೆ ಬಂದು ಮಿರಿಮಿರಿ ಮಿಂಚಿತು.

ಸಂಜೆಯ ಬಸ್ಸಿಗೆ ಅವರು ಬಂದರು. ನಾನು ಬಾಗಿಲಲ್ಲಿಯೇ ನಿಂತಿದ್ದೆ. ರೇಣುಕಾಳ ಕೈ ಹಿಡಿದು ಬಚ್ಚಲಿಗೆ ಕರೆದೊಯ್ದೆ. ಅವಳು ಕುಣಿದಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಮಶೀನಿನ ಕಡೆ ನೋಡಲೇ ಇಲ್ಲ. ಬಣ್ಣಗೆಟ್ಟ ಮುಖದಿಂದ ಆ ಮೂಲೆಯನ್ನೇ ನೋಡಿದಳು.

"ಅತ್ತೀ, ಹಂಡೆ ಎಲ್ಲೆರಿ?"

"ತೆಗಿಸಿದ್ನಿ. ಜಾಗಾ ಆತಲ್ಲ."

ಅವಳು ಕೂಸನ್ನು ಬಸುವಿನ ಕೈಗೆ ಕೊಟ್ಟು ಅಲ್ಲಿಯೇ ಕುಕ್ಕರಿಸಿ ಕುಳಿತಳು. "ಅಯ್ಯ ನಮ್ಮವ್ವಾ, ಏನ್ ಮಾಡಿದ್ರಿ? ಆ ಖೋಲಿ ಬ್ಯಾಡ ಅಂತ ಹೇಳಿ ಬಂದೀವ್ರಿ."

"ಯಾಕ? ಚಲೋ ಇರ್ಲಿಲ್ಲೇನು?"

"ಎಲ್ಲಾ ಚಲೋ ಐತ್ರಿ. ನಳ ಐತಿ, ಫ್ಯಾನ್ ಐತಿ. ಆದರ ಅಲ್ಲಿ ಬಚ್ಚಲ ಅಂದ್ರ ಇಷ್ಟ ಇಷ್ಟು" ಎಂದು ಎರಡೂ ಕೈ ಹತ್ತಿರ ಹಿಡಿದು ತೋರಿಸಿದಳು. "ನಾ ಕಾಲು ಚಾಚಿ ಕುಂತು ನೋಡಿದ್ನಿ. ಗ್ವಾಡಿಗೆ ಬಡೀತಾವು. ನೀವು ಬಂದ್ರ ಎಲ್ಲೆ ಕುಂತು ಎರೀತೀರಿ ಕೂಸಿಗೆ?"

ನಾನು ದಂಗುಬಡಿದು ನಿಂತೆ. ಮಶೀನು ಢಮ್ ಅಂದಾಗಲೂ ನನಗೆ ಅಷ್ಟು ದಿಗಿಲಾಗಿರಲಿಲ್ಲ. ನಾನು ಇಲ್ಲಿ ಅವಳ ಮಶೀನಿಗೆ ಜಾಗ ಹುಡುಕುತ್ತಿದ್ದೆ. ಅವಳು ಅಲ್ಲಿ, ಕಂಡರಿಯದ ಮನೆಯ ಬಚ್ಚಲಲ್ಲಿ, ನನ್ನ ಮುದಿಕಾಲಿಗೆ ಜಾಗ ಅಳೆಯುತ್ತಿದ್ದಳು.

ನನ್ನ ಬಾಯಿ ಎರಡನೆಯ ಸಲ ಬಂದ್ ಆಯಿತು. ಅವಳೇ ಕಣ್ಣೊರೆಸಿಕೊಂಡು ಎದ್ದಳು. ಸೆರಗು ಸಿಕ್ಕಿಸಿ, ಮಶೀನನ್ನು ಭುಜಕೊಟ್ಟು ಗೋಡೆಗೆ ಒತ್ತಿದಳು. ಆಮೇಲೆ ನನ್ನ ಕಡೆ ತಿರುಗಿ, ತುಂಬಿದ ಬಸ್ಸಿನಲ್ಲಿ ಕೂಗುವ ಅದೇ ದನಿಯಲ್ಲಿ ಕೂಗಿದಳು: "ಒಳಗ ಸರೀರಿ ಅತ್ತೀ, ಜಾಗಾ ಐತಿ!"

ಕುಳಿತೆ. ಕಾಲು ಚಾಚಿದೆ. ಹಿಡಿಯಿತು. ಹೆಬ್ಬೆರಳುಗಳು ಮಾತ್ರ ಹೋಗಿ ಮಶೀನಿಗೆ ತಾಗಿದವು.

ಈಗ ದಿನವೂ ಹೀಗೆಯೇ. ರೇಣುಕಾ ಬೆಳಗಿನ ಡ್ಯೂಟಿಗೆ ಹೋಗುವ ಮುನ್ನ ಕೂಸಿನ ಬಟ್ಟೆ, ತನ್ನ ಖಾಕಿ ಅಂಗಿ ಹಾಕಿ ಗುಂಡಿ ಒತ್ತಿ ಹೋಗುತ್ತಾಳೆ. ಆ ಅಂಗಿಯ ಮೇಲೆ ನಾನೀಗ ಸೀರೆ ಹರವುವುದಿಲ್ಲ. ಓಣಿಗೆ ಕಾಣುವ ಹಗ್ಗಕ್ಕೇ ಹಾಕುತ್ತೇನೆ. ಕೌದಿಯನ್ನು ನಾನೂ ಹುಸೇನಬಿಯೂ ಹಳ್ಳಕ್ಕೇ ಒಯ್ಯುತ್ತೇವೆ. ನಾನು ತುಳಿಯುತ್ತೇನೆ, ಹಿಂಡುವುದು ಅವಳು ಮತ್ತು ಅವಳ ಸೊಸೆ. ಹಿತ್ತಲ ಹಂಡೆಯಿಂದ ಬಿಸಿನೀರು ಹೊತ್ತು ತರುವ ಕೆಲಸ ನಮ್ಮವರ ಪಾಲಿಗೆ ಬಂದಿದೆ. ಈ ವಯಸ್ಸಿನಲ್ಲಿ ತಮಗೆ ಕೆಲಸ ಹಚ್ಚಿದರಲ್ಲ ಎಂಬ ದಿಗಿಲು ಅವರ ಮುಖದಿಂದ ಇನ್ನೂ ಇಳಿದಿಲ್ಲ.

ನಾನು ಕಾಲು ಚಾಚಿ ಕೂರುತ್ತೇನೆ. ನೀಲಾ ಈಗ ನನ್ನ ಗೇಣಿನಿಂದ ನಾಲ್ಕು ಗೇಣಿನ ಹತ್ತಿರ ಬಂದಿದ್ದಾಳೆ. ಕಾಲ ಮೇಲೆ ಹಿಡಿಸುವುದಿಲ್ಲ, ಆದರೂ ಮಲಗಿಸಿಕೊಳ್ಳುತ್ತೇನೆ. ಎಣ್ಣೆ ತಿಕ್ಕಿ ಮೊದಲ ಚೊಂಬು ಸುರಿಯುವ ಹೊತ್ತಿಗೆ ಸರಿಯಾಗಿ ಮಶೀನು ಹಿಂಡಲು ತೊಡಗುತ್ತದೆ. ಆ ನಡುಕ ನನ್ನ ಹೆಬ್ಬೆರಳಿನಲ್ಲಿ ಹತ್ತಿ, ಮೊಣಕಾಲು ದಾಟಿ, ಕೂಸಿನ ಬೆನ್ನಿಗೆ ಹೋಗುತ್ತದೆ. ನಾನು ಬೆಚ್ಚುತ್ತೇನೆ. ಅವಳು ಕೇಕೆ ಹಾಕಿ ನಗುತ್ತಾಳೆ.